ಹಣ ಕೊಟ್ಟು ದನ ಕಾಯ್ದವನ ಮಾತು

ನಮಸ್ಕಾರ. ಸರಿಯಾಗಿ ಓದದಿದ್ದರೆ ದನ ಕಾಯಬೇಕಾಗುತ್ತದೆ ಎಂದು ನಮ್ಮ ಗಣಿತದ ಮೇಷ್ಟರು ಹೆದರಿಸುತ್ತಿದ್ದರು. ಹೆದರಿ ಓದಿದೆ, ಇಂಜಿನಿಯರಾದೆ, ಅಮೆರಿಕ ಸೇರಿದೆ. ಕಳೆದ ಜೂನ್‌ನಲ್ಲಿ ಅಲ್ಲಿನ ವಯೋಮಿಂಗ್ ರಾಜ್ಯದ ಒಂದು ರ‍್ಯಾಂಚ್‌ಗೆ, ಅಂದರೆ ದನ ಸಾಕುವ ದೊಡ್ಡ ಜಮೀನಿಗೆ, ನಾನೇ ಹಣ ಕಟ್ಟಿ, ಮೂರು ದಿನ ಕುದುರೆಯ ಮೇಲೆ ಕುಳಿತು ದನ ಕಾಯ್ದು ಬಂದೆ.

ಚಳಿಗಾಲವೆಲ್ಲ ತಗ್ಗಿನಲ್ಲಿ ಒಣಹುಲ್ಲು ತಿಂದ ಹಸುಗಳನ್ನು ಬೇಸಿಗೆಗೆ ಬೆಟ್ಟದ ಸರ್ಕಾರಿ ಅರಣ್ಯದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುವುದು ಅಲ್ಲಿನ ವಾಡಿಕೆ. ನಮ್ಮ ಮಂದೆಯಲ್ಲಿ 200 ಹಸುಗಳು, ಅವುಗಳ ಕರುಗಳು. ನನ್ನ ತಲೆಯಲ್ಲಿ ಕೌಬಾಯ್ ಸಿನಿಮಾ ಓಡುತ್ತಿತ್ತು: ನಾಗಾಲೋಟ, ಹಗ್ಗ, ಕೂಗಾಟ. ಸಿಕ್ಕಿದ್ದು ಮಂದೆಯ ಬಾಲ. ಡ್ರ್ಯಾಗ್ ಎನ್ನುತ್ತಾರೆ, ಹೊಸಬರ ಜಾಗ. 800 ಗೊರಸುಗಳ ದೂಳು, ಕರುಗಳದ್ದು ಬೇರೆ, ಎಲ್ಲವೂ ನಿಮ್ಮ ಮೂಗಿಗೆ.

ಮೊದಲ ಮಧ್ಯಾಹ್ನ ಒಂದು ಕಪ್ಪು ಕರು ನಿಂತುಬಿಟ್ಟಿತು. ನಾನು ಅರಚಿ ಕುದುರೆಯನ್ನು ನುಗ್ಗಿಸಿದೆ. ಅದು ಗಿರಕ್ಕನೆ ತಿರುಗಿ ಬಂದ ದಾರಿಯಲ್ಲೇ ಓಟ ಕಿತ್ತಿತು, ಅದರ ಹಿಂದೆ ಇನ್ನೂ ಐದು. ತಾಯಿ ಕಾಣದಿದ್ದರೆ ಕರು ಕೊನೆಯ ಬಾರಿ ಹಾಲು ಕುಡಿದ ಜಾಗಕ್ಕೇ ಮರಳುತ್ತದೆ ಎಂದು ನನಗೇನು ಗೊತ್ತು? ಅವನ್ನು ತಿರುಗಿಸಿ ತರುವಷ್ಟರಲ್ಲಿ ಒಂದು ಗಂಟೆ ಹಾಳಾಯಿತು. ಎಪ್ಪತ್ತು ದಾಟಿದ ಒಬ್ಬ ಹೆಂಗಸು ಪಕ್ಕಕ್ಕೆ ಬಂದು, "ಎರಡು ಹೆಜ್ಜೆ ಹಿಂದೆ ಸರಿ" ಎಂದಳು. ಅಷ್ಟೇ.

ಹಸುವಿಗೆ ಬಾಲದ ನೇರ ಹಿಂದಿನ ಸ್ವಲ್ಪ ಜಾಗ ಬಿಟ್ಟರೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ತನ್ನ ಸುತ್ತ ಅದೊಂದು ಗೆರೆ ಇಟ್ಟುಕೊಂಡಿರುತ್ತದೆ. ಗೆರೆಯೊಳಗೆ ಕಾಲಿಟ್ಟರೆ ನಡೆಯುತ್ತದೆ. ನಡೆದ ತಕ್ಷಣ ನೀವು ಹಿಂದೆ ಸರಿಯಬೇಕು, ಅದೇ ಅದಕ್ಕೆ ಸಲ್ಲುವ ಸಂಬಳ. ಹೆಗಲಿನ ಹಿಂದಿನಿಂದ ಒತ್ತಿದರೆ ಮುಂದಕ್ಕೆ, ಹೆಗಲು ದಾಟಿ ಮುಂದೆ ಬಂದರೆ ಹಿಂದಕ್ಕೆ. ಟೆಂಪಲ್ ಗ್ರಾಂಡಿನ್ ಎಂಬ ಪ್ರಾಣಿ ವಿಜ್ಞಾನಿ ಇದನ್ನೆಲ್ಲ ಚಿತ್ರ ಬರೆದು ವಿವರಿಸಿದ್ದಾರೆ. ನನ್ನ ಕುದುರೆಗೆ ಓದದೆಯೇ ಗೊತ್ತಿತ್ತು. ನಾನು ಲಗಾಮು ಜಗ್ಗುವುದನ್ನು ಬಿಟ್ಟ ಮೇಲೆ ಅದು ತಿಳಿಯಿತು.

1867ರಿಂದ ಟೆಕ್ಸಾಸ್‌ನ ದನಗಳನ್ನು ಕಾನ್ಸಾಸ್‌ನ ಅಬಿಲೀನ್ ರೈಲು ನಿಲ್ದಾಣಕ್ಕೆ ನಡೆಸಿದ ಕೌಬಾಯ್‌ಗಳೂ ಸಾಮಾನ್ಯವಾಗಿ ದಿನಕ್ಕೆ 10ರಿಂದ 15 ಮೈಲಿ ಸಾಗುತ್ತಿದ್ದರು, ಅಷ್ಟೇ. ಓಡಿಸಿದರೆ ಮೈ ಇಳಿಯುತ್ತದೆ, ಮೈ ಇಳಿದರೆ ಬೆಲೆ ಇಳಿಯುತ್ತದೆ. ನಾಗಾಲೋಟ ಎಂದರೆ ಎಲ್ಲೋ ಎಡವಟ್ಟಾಗಿದೆ ಎಂದರ್ಥ. ಅವರಲ್ಲಿ ಎಷ್ಟೋ ಮಂದಿ ಕಪ್ಪು ವರ್ಣೀಯರು, ಮೆಕ್ಸಿಕನ್ನರು. ಹಳೆಯ ಸಿನಿಮಾಗಳು ಅದನ್ನೂ ಮರೆಸಿದವು.

ನಮ್ಮದೇನು ಕಡಿಮೆ? ದನಗಳಿಗಾಗಿಯೇ ಬೆಣ್ಣೆ ಚಾವಡಿ ಎಂಬ ಇಲಾಖೆ ಇಟ್ಟಿದ್ದ ಮೈಸೂರು ಸೀಮೆ. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ, ಆ ಎತ್ತುಗಳು ಅವನ ಫಿರಂಗಿ ಎಳೆದವು. ಅದೇ ಸೀಮೆಯಲ್ಲಿ ದನ ಕಾಯುವುದು ದಡ್ಡರಿಗೆ ಕಾದಿರಿಸಿದ ಶಿಕ್ಷೆಯಾಯಿತು. ಮೇಷ್ಟರು ಆ ಮಾತು ಆಡುವಾಗ, ಬೆಳಿಗ್ಗೆ ನಿಜಕ್ಕೂ ದನ ಮೇಯಿಸಿ ಬರುತ್ತಿದ್ದ ಇಬ್ಬರು ಹುಡುಗರು ಕೊನೆಯ ಬೆಂಚಿನಲ್ಲಿ ಇರುತ್ತಿದ್ದರು. ನಾವೆಲ್ಲ ತಿರುಗಿ ನೋಡಿ ನಗುತ್ತಿದ್ದೆವು. ಯಾವ ಹಸು ಹಾಯುತ್ತದೆ, ಯಾವುದು ಬೇಲಿ ಹಾರುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಅದಕ್ಕೆ ಅಂಕವಿರಲಿಲ್ಲ.

ಕೊನೆಯ ಸಂಜೆ ಮಂದೆ ಬೆಟ್ಟ ತಲುಪಿದರೂ ಕೆಲಸ ಮುಗಿಯಲಿಲ್ಲ. ಪ್ರತಿ ಕರುವಿಗೂ ಅದರ ತಾಯಿ ಸಿಗುವವರೆಗೆ ಯಾರೂ ಹೊರಡುವಂತಿಲ್ಲ. ಬೆಟ್ಟವೆಲ್ಲ ಅಂಬಾ ಎನ್ನುತ್ತಿತ್ತು. ಆ ಕಪ್ಪು ಕರು ಎರಡು ಕಡೆ ಒದೆ ತಿಂದು ಮೂರನೆಯ ಕೆಚ್ಚಲಿಗೆ ಬಾಯಿ ಹಾಕಿತು. ಆ ಹಸು ಒದೆಯಲಿಲ್ಲ, ಕತ್ತು ತಿರುಗಿಸಿ ಮೂಸಿತು. ನಾನು ಕುದುರೆಯನ್ನು ಎರಡು ಹೆಜ್ಜೆ ಹಿಂದಕ್ಕೆ ತೆಗೆದುಕೊಂಡೆ.