ಸ್ವರ, ವ್ಯಂಜನ, ಅಣು: ಒಂದೇ ಸರಪಳಿಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

1913ರ ಜನವರಿಯಲ್ಲಿ ಗಣಿತಜ್ಞ ಆಂದ್ರೇ ಮಾರ್ಕೊವ್ ಸೇಂಟ್ ಪೀಟರ್ಸ್‌ಬರ್ಗ್‌ನ ವಿಜ್ಞಾನ ಅಕಾಡೆಮಿಯ ಮುಂದೆ ಒಂದು ಎಣಿಕೆಯನ್ನು ಇಟ್ಟರು. ಪುಷ್ಕಿನ್ ಬರೆದ ‘ಯೆವ್ಗೆನಿ ಒನೆಗಿನ್’ ಕಾವ್ಯದ ಮೊದಲ 20,000 ಅಕ್ಷರಗಳ ಎಣಿಕೆ ಅದು. ಪದಗಳ ನಡುವಿನ ಜಾಗವನ್ನೂ ವಿರಾಮಚಿಹ್ನೆಗಳನ್ನೂ ಬಿಟ್ಟು, ಸಾಲಿಗೆ 10ರಂತೆ 10 ಸಾಲು ಬರೆದು, 100 ಅಕ್ಷರಗಳ 200 ಚೌಕ ಮಾಡಿ, ಕೈಯಲ್ಲೇ ಎಣಿಸಿದ್ದರು. ಸ್ವರಗಳು 8,638, ವ್ಯಂಜನಗಳು 11,362. ಸ್ವರದ ಬೆನ್ನಿಗೇ ಸ್ವರ ಬಂದದ್ದು 1,104 ಸಲ.

ಇಷ್ಟು ಕಷ್ಟ ಯಾಕೆ? ಸರಾಸರಿಗಳು ಸ್ಥಿರವಾಗಬೇಕಾದರೆ ಘಟನೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯಲೇಬೇಕು ಎಂದು ಮಾಸ್ಕೋದ ಗಣಿತಜ್ಞ ನೆಕ್ರಾಸೊವ್ ವಾದಿಸಿ, ಮನುಷ್ಯನ ಇಚ್ಛಾಸ್ವಾತಂತ್ರ್ಯವನ್ನೂ ಅದಕ್ಕೆ ತಳುಕು ಹಾಕಿದ್ದರು. ಮಾರ್ಕೊವ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಜಗಳಗಂಟರೆಂದೇ ಹೆಸರಾದವರು ಬೇರೆ. ಸಂಬಂಧವಿದ್ದೂ ಸರಾಸರಿ ನಿಲ್ಲುತ್ತದೆ ಎಂದು 1906ರಲ್ಲೇ ಗಣಿತದಲ್ಲಿ ತೋರಿಸಿದ್ದರು. ಕಾವ್ಯ ಅದಕ್ಕೊಂದು ಉದಾಹರಣೆ ಕೊಟ್ಟಿತು.

ಈಗ ಲೆಕ್ಕ ನೋಡೋಣ. ಸ್ವರದ ನಂತರ ಸ್ವರ ಬರುವ ಸಂಭವ 0.128. ವ್ಯಂಜನದ ನಂತರ ಸ್ವರ ಬರುವ ಸಂಭವ 0.663. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಮೈನಸ್ 0.535. ಈ ಅಂಕಿಯನ್ನು ‘ನಂಟು’ ಎಂದು ಕರೆಯೋಣ. ಒಂದಕ್ಕೆ ನಂಟನ್ನು ಕೂಡಿಸಿ, ಒಂದರಿಂದ ನಂಟನ್ನು ಕಳೆದು ಬಂದದ್ದರಿಂದ ಭಾಗಿಸಿದರೆ ಸುಮಾರು 0.3 ಬರುತ್ತದೆ. ನಂಟಿನಿಂದಾಗಿ ಎಣಿಕೆಯ ಏರಿಳಿತ ಎಷ್ಟು ಪಟ್ಟಾಗುತ್ತದೆ ಎಂಬುದನ್ನು ಇದು ಹೇಳುತ್ತದೆ. ಅಕ್ಷರಗಳಿಗೆ ನಂಟೇ ಇಲ್ಲದಿದ್ದರೆ, ಚೌಕದಿಂದ ಚೌಕಕ್ಕೆ ಸ್ವರಗಳ ಸಂಖ್ಯೆಯ ಹರವು, ಅಂದರೆ ವೇರಿಯನ್ಸ್, 24.5 ಇರಬೇಕಿತ್ತು. ಅದರ 0.3 ಪಾಲು 7.4. ಮಾರ್ಕೊವ್ ಎಣಿಸಿ ಕಂಡದ್ದು 5.1. ಹಿಂದಿನ ಒಂದೇ ಅಕ್ಷರವನ್ನು ನೆನಪಿಟ್ಟರೆ ಸಾಲದು. ಎರಡನ್ನು ನೆನಪಿಟ್ಟ ಲೆಕ್ಕ ಇದಕ್ಕೆ ತೀರಾ ಹತ್ತಿರ ಬಂತು.

ಕನ್ನಡದಲ್ಲಿ ಇದನ್ನು ಮಾಡಹೊರಟವರಿಗೆ ಮೊದಲ ತೊಡಕು ಕಂಪ್ಯೂಟರಿನದೇ. ‘ಮಳೆ ಬಂದಿದೆ ಅಂತ ಅವನು ಹೇಳಿದ’ ಎಂಬ ಮಾತನ್ನು ತೆಗೆದುಕೊಳ್ಳಿ. ಬಿಡಿಸಿ ಎಣಿಸಿದರೆ 13 ಸ್ವರ, ಅನುಸ್ವಾರ ಸೇರಿ 13 ವ್ಯಂಜನ. ಕಂಪ್ಯೂಟರ್ ಅಕ್ಷರಗಳನ್ನು ದಾಖಲಿಸುವ ಯುನಿಕೋಡ್ ಸಂಕೇತಗಳನ್ನು ನೇರವಾಗಿ ಎಣಿಸಿದರೆ ಸ್ವರಗಳು 8 ಮಾತ್ರ. ಮ, ಬ, ತ, ವ, ದಗಳೊಳಗಿನ ಅಕಾರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ಐದು ಸ್ವರ ಅಲ್ಲೇ ಮಾಯ. ಆದ್ದರಿಂದ ಗುಣಿತದ ಚಿಹ್ನೆಯಾಗಲಿ, ‘ಕ್’ನಲ್ಲಿರುವಂತೆ ಅಕಾರವನ್ನು ತೆಗೆಯುವ ಹಲಂತ ಚಿಹ್ನೆಯಾಗಲಿ ಇಲ್ಲದ ಪ್ರತಿ ವ್ಯಂಜನದ ಮುಂದೆ ಅಕಾರ ಸೇರಿಸಬೇಕು. ಒಂದೇ ಗುಣಿತ ಎರಡು ಬಗೆಯಲ್ಲಿ ದಾಖಲಾಗಿರಲೂಬಹುದು: ‘ಕೊ’ದಲ್ಲಿನ ಒಕಾರ ಒಂದೇ ಸಂಕೇತವಾಗಿ ಇರಬಹುದು, ಎತ್ವ ಮತ್ತು ಊಕಾರದ ಎರಡು ಚಿಹ್ನೆಗಳಾಗಿಯೂ ಇರಬಹುದು. ಮೊದಲು ಪಠ್ಯವನ್ನು ಒಂದೇ ರೂಪಕ್ಕೆ ತರದಿದ್ದರೆ ಇಲ್ಲಿ ಎರಡು ಸ್ವರ ಎಣಿಕೆಯಾಗುತ್ತವೆ.

ಇನ್ನೊಂದು ಸ್ವಾರಸ್ಯವಿದೆ. ಕನ್ನಡದ ಪದದೊಳಗೆ ಸ್ವರದ ಪಕ್ಕ ಸ್ವರ ನಿಲ್ಲುವುದು ಅಪರೂಪ, ಸಂಧಿ ಬಿಡುವುದಿಲ್ಲ. ನಮ್ಮ ವಾಕ್ಯದಲ್ಲಿ ಅದು ಎರಡು ಸಲ ಬಂದಿದೆ, ಎರಡೂ ಪದಗಳ ಗಡಿಯಲ್ಲಿ: ‘ಬಂದಿದೆ ಅಂತ’, ‘ಅಂತ ಅವನು’. ಮಾರ್ಕೊವ್‌ರಂತೆ ಜಾಗ ಬಿಟ್ಟು ಎಣಿಸಿದರೆ, ಕನ್ನಡದಲ್ಲಿ ಸ್ವರ-ಸ್ವರ ಜೋಡಿಯ ಅಂಕಿ ಬಹುಮಟ್ಟಿಗೆ ಎಷ್ಟು ಪದಗಳು ಸ್ವರದಿಂದ ಶುರುವಾಗುತ್ತವೆ ಎಂಬುದನ್ನೇ ಹೇಳುತ್ತದೆ. ರಷ್ಯನ್ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸುವ ಮುನ್ನ ಇದು ಗಮನದಲ್ಲಿರಬೇಕು.

ಹಿಂದಿನ ಸ್ಥಿತಿಯನ್ನು ನೋಡಿ ಮುಂದಿನದರ ಸಂಭವ ಹೇಳುವ ಇಂಥ ಸಾಲಿಗೆ ಮಾರ್ಕೊವ್ ಸರಪಳಿ ಎಂದು ಹೆಸರು. ಇದೇ ಸರಪಳಿ 1953ರಲ್ಲಿ ಅಣುಗಳ ಭೌತಶಾಸ್ತ್ರಕ್ಕೆ ಬಂತು. ಅಮೆರಿಕದ ಲಾಸ್ ಅಲಮೋಸ್‌ ಪ್ರಯೋಗಾಲಯದ ಮೇನಿಯಾಕ್ ಕಂಪ್ಯೂಟರಿನಲ್ಲಿ ಮೆಟ್ರೊಪೊಲಿಸ್, ರೋಸೆನ್‌ಬ್ಲೂತ್ ದಂಪತಿ, ಟೆಲ್ಲರ್ ದಂಪತಿ 224 ಗಟ್ಟಿ ಬಿಲ್ಲೆಗಳನ್ನು ಅಣುಗಳೆಂದು ಭಾವಿಸಿ ಆಡಿಸಿದರು. ವಿಧಾನ ಇಷ್ಟೆ. ಒಂದು ಕಣವನ್ನು ತುಸು ಸರಿಸಿ, ಶಕ್ತಿ ಎಷ್ಟು ಬದಲಾಯಿತೆಂದು ನೋಡಿ. ಇಳಿದರೆ ಒಪ್ಪಿ. ಏರಿದ್ದರೆ, ಆ ಏರಿಕೆ ತಾಪಮಾನಕ್ಕೆ ತಕ್ಕ ಶಕ್ತಿಯಷ್ಟೇ, ಅಂದರೆ ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ತಾಪಮಾನದಿಂದ ಗುಣಿಸಿದಷ್ಟು, ಇದ್ದಾಗ ನೂರಕ್ಕೆ 37 ಸಲ ಒಪ್ಪಿ. ಅದರ ಎರಡರಷ್ಟಾದರೆ ಸುಮಾರು 14 ಸಲ. ಗಟ್ಟಿ ಬಿಲ್ಲೆಗಳಿಗೆ ಇನ್ನೂ ಸುಲಭ: ಒಂದರ ಮೇಲೊಂದು ಹತ್ತಿದರೆ ಬೇಡ, ಇಲ್ಲದಿದ್ದರೆ ಸರಿ.

ಹೀಗೆ ಬಂದ ಸ್ಥಿತಿಗಳ ಮೇಲೆ ಬೇಕಾದ ಅಳತೆಯ ಸರಾಸರಿ ತೆಗೆಯುವುದು ಗುರಿ. ಹೊಸಬರು ಎಡವುವುದು ತಿರಸ್ಕರಿಸಿದ ನಡೆಯಲ್ಲಿ. ಕಣ ಹಳೆಯ ಜಾಗದಲ್ಲೇ ಉಳಿದಾಗ ಆ ಸ್ಥಿತಿಯನ್ನು ಸರಾಸರಿಗೆ ಮತ್ತೊಮ್ಮೆ ಸೇರಿಸಲೇಬೇಕು. ಬಿಟ್ಟರೆ ಕಡಿಮೆ ಶಕ್ತಿಯ ಸ್ಥಿತಿಗಳ ತೂಕ ಕುಗ್ಗಿ ಉತ್ತರ ತಪ್ಪುತ್ತದೆ, ಎಷ್ಟು ಹೊತ್ತು ಓಡಿಸಿದರೂ ಸರಿಹೋಗದು. ಹೆಜ್ಜೆಯ ಅಳತೆಯೂ ಮುಖ್ಯ: ದೊಡ್ಡದಾದರೆ ಬಹುತೇಕ ನಡೆಗಳು ತಿರಸ್ಕೃತ, ಚಿಕ್ಕದಾದರೆ ಕಣಗಳು ಕದಲುವುದೇ ಇಲ್ಲ. ಸುಮಾರು ಅರ್ಧ ನಡೆಗಳು ಒಪ್ಪಿಗೆಯಾಗುವಂತೆ ಹೊಂದಿಸುವುದು ರೂಢಿ. ಶುರುವಿನ ಜೋಡಣೆಯ ಛಾಯೆ ಅಳಿಯುವವರೆಗಿನ ಓಟವನ್ನು ಎಸೆಯಬೇಕು.

ಸರಾಸರಿ ಎಷ್ಟು ಆಚೀಚೆ ಇರಬಹುದೆಂಬ ದೋಷದ ಅಂದಾಜಿನಲ್ಲಿ ಭಾಷೆಯ ಅದೇ ಸೂತ್ರ ತಿರುಗಿ ನಿಲ್ಲುತ್ತದೆ. ಅಕ್ಷರಗಳಲ್ಲಿ ನಂಟು ಋಣ, ಹರವು ಕುಗ್ಗಿತು. ಅಣುಗಳ ಒಂದು ಸ್ಥಿತಿ ಹಿಂದಿನದನ್ನೇ ಹೋಲುವುದರಿಂದ ಇಲ್ಲಿ ನಂಟು ಧನ. ಅದು 0.9 ಆದರೆ ಸೂತ್ರ 1.9ನ್ನು 0.1ರಿಂದ ಭಾಗಿಸಿ 19 ಕೊಡುತ್ತದೆ. 10,000 ಹೆಜ್ಜೆಗಳ ನಿಜವಾದ ಬೆಲೆ ಸುಮಾರು 526 ಬಿಡಿ ಅಳತೆಗಳಷ್ಟೇ. ಇದನ್ನು ಮರೆತವರು ದೋಷವನ್ನು ನಾಲ್ಕು ಪಟ್ಟಿಗೂ ಮೀರಿ ಕಡಿಮೆ ತೋರಿಸುತ್ತಾರೆ. ಪರಿಹಾರವೆಂದರೆ ಓಟವನ್ನು ತುಂಡುಗಳಾಗಿ ಕತ್ತರಿಸಿ, ತುಂಡುಗಳ ಸರಾಸರಿಗಳಿಂದ ದೋಷ ಲೆಕ್ಕ ಹಾಕಿ, ತುಂಡನ್ನು ಇಮ್ಮಡಿಸುತ್ತಾ ಹೋಗುವುದು. ದೋಷ ಮೊದಲು ಏರಿ, ಆಮೇಲೆ ಒಂದು ಮಟ್ಟದಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಓಟ ಸಾಲದು. ಇನ್ನಷ್ಟು ಓಡಿಸುವವರೆಗೆ ಆ ಸರಾಸರಿಯ ಪಕ್ಕ ಯಾವ ದೋಷವನ್ನೂ ಬರೆಯುವಂತಿಲ್ಲ.

ನಮಸ್ಕಾರ.