ಬಾವಿಯ ಮಟ್ಟ ಅಳೆದು ನೋಡಿ

ಕೇಳುಗರಿಗೆ ನಮಸ್ಕಾರ.

ಈ ಹೊತ್ತಿನಲ್ಲಿ ಕೆಲವರು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ರೇಡಿಯೋ ಕೇಳುತ್ತಿರುತ್ತೀರಿ. ಇನ್ನು ಕೆಲವರು ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತೋ ಅಂತ ತೋಟದಲ್ಲಿ ಕಾಯುತ್ತಿರುತ್ತೀರಿ. ನಾನು ಮಾತಾಡಲು ಬಂದಿರುವುದು ನಿಮ್ಮ ಹತ್ತಿರವೇ.

ನಾನು ಸರ್ಕಾರಿ ಭೂವಿಜ್ಞಾನಿಯಾಗಿ 31 ವರ್ಷ ಕೆಲಸ ಮಾಡಿದವನು. ಅಷ್ಟು ವರ್ಷವೂ ಹೋದ ಊರಲ್ಲೆಲ್ಲ ಕೇಳಿದ್ದು ಒಂದೇ ಮಾತು. "ಸಾರ್, ಒಂದು ಪಾಯಿಂಟ್ ನೋಡಿಕೊಡಿ." ನೀರು ಎಲ್ಲಿದೆ ಅಂತ ಎಲ್ಲರಿಗೂ ಬೇಕು. ಎಷ್ಟಿದೆ ಅಂತ ಕೇಳಿದವರು ಬೆರಳೆಣಿಕೆ. ಅದಕ್ಕೇ ಇವತ್ತು ಒಂದೇ ವಿಷಯ ಹೇಳುತ್ತೇನೆ. ನಿಮ್ಮ ಬಾವಿಯ ನೀರಿನ ಮಟ್ಟ ಅಳೆದು ನೋಡಿ.

ಹಳೇ ಮೈಸೂರು ಸೀಮೆಯ ಹಿರಿಯರಿಗೆ ಹಗೇವು ಗೊತ್ತು. ನೆಲದೊಳಗೆ ತೋಡಿ ರಾಗಿ ತುಂಬಿಡುತ್ತಿದ್ದ ಗುಂಡಿ. ಹಗೇವಿಗೆ ಎಷ್ಟು ರಾಗಿ ಹೋಯಿತು, ಎಷ್ಟು ತೆಗೆದೆವು ಅನ್ನುವುದು ಮನೆಯ ಯಜಮಾನನಿಗೆ ಬಾಯಿಪಾಠವಾಗಿರುತ್ತಿತ್ತು. ಕೊಳಗದಲ್ಲಿ ಅಳೆಯದೆ ಯಾರೂ ರಾಗಿ ಎತ್ತುತ್ತಿರಲಿಲ್ಲ. ಅದೇ ನೆಲದೊಳಗಿನ ನೀರನ್ನು ಮಾತ್ರ ಅಳತೆಯಿಲ್ಲದೆ ಎತ್ತುತ್ತಿದ್ದೇವೆ. ಇದು ಹೇಗೆ ಸರಿ, ಹೇಳಿ?

ನಮ್ಮ ನೆಲದ ವಿಷಯಕ್ಕೆ ಬರೋಣ. ಬೆಂಗಳೂರಿನ ಲಾಲ್‌ಬಾಗ್‌ಗೆ ಹೋದವರು ಅಲ್ಲಿನ ಬಂಡೆ ಹತ್ತಿರುತ್ತೀರಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ, ರಾಮನಗರ, ಎಲ್ಲ ಕಡೆ ಮಣ್ಣಿನ ಕೆಳಗೆ ಹೆಚ್ಚಾಗಿ ಇಂಥದೇ ಗಟ್ಟಿ ಕಲ್ಲು. ಈ ಕಲ್ಲಿನೊಳಗೆ ಹೊಳೆ ಹರಿಯುವುದಿಲ್ಲ. "ಕೆಳಗೆ ಗಂಗೆ ಹರೀತಿದ್ದಾಳೆ, ಇನ್ನು ನೂರಡಿ ಹೋದರೆ ಸಿಕ್ಕಿಬಿಡ್ತಾಳೆ" ಅನ್ನುವ ಮಾತು ಬಿಟ್ಟುಬಿಡಿ. ಕಲ್ಲಿನ ಮೇಲ್ಭಾಗ ಕೊಳೆತು ಮೆತ್ತಗಾಗಿರುತ್ತೆ. ಮಳೆ ನೀರು ಮೊದಲು ಅಲ್ಲಿ ನಿಲ್ಲುತ್ತೆ. ಅದರ ಕೆಳಗೆ ಗಟ್ಟಿ ಬಂಡೆ, ಬಂಡೆಯಲ್ಲಿ ಅಲ್ಲಲ್ಲಿ ಬಿರುಕು. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಎತ್ತು ಕಟ್ಟಿ ನೀರು ಎತ್ತುತ್ತಿದ್ದ ತಾತನ ಕಾಲದ ಕಪಿಲೆ ಬಾವಿಗೆ ನೀರು ಕೊಟ್ಟಿದ್ದು ಆ ಮೇಲಿನ ಕೊಳೆತ ಪದರ. ಎಷ್ಟೋ ಕಡೆ ಅದನ್ನು ಒಣಗಿಸಿ ಮುಗಿಸಿದ್ದೇವೆ. ಈಗ ಸಾವಿರ ಅಡಿ ಕೆಳಗಿನ ಬಿರುಕುಗಳಿಗೆ ಕೈ ಹಾಕಿದ್ದೇವೆ.

ಸರ್ಕಾರದ ವಿಜ್ಞಾನಿಗಳು ಈ ನೆಲವನ್ನು ಓದುತ್ತಿರುವುದು ಇವತ್ತು ನಿನ್ನೆಯಿಂದಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಹುಟ್ಟಿದ್ದು 1851ರಲ್ಲಿ. ಆಗ ಬೇಕಿದ್ದದ್ದು ಕಲ್ಲಿದ್ದಲು. ಮೈಸೂರು ಸಂಸ್ಥಾನ 1894ರಲ್ಲೇ ತನ್ನದೇ ಭೂವಿಜ್ಞಾನ ಇಲಾಖೆ ಮಾಡಿಕೊಂಡಿತು. ರಾಬರ್ಟ್ ಬ್ರೂಸ್ ಫೂಟ್ ಅದರ ಮೊದಲ ಮುಖ್ಯಸ್ಥರು. 1970ರಲ್ಲಿ ಕೇಂದ್ರ ಅಂತರ್ಜಲ ಮಂಡಳಿ ಬಂತು. ಅವತ್ತಿಂದ ದೇಶದ ಉದ್ದಗಲಕ್ಕೂ ಸಾವಿರಾರು ಬಾವಿಗಳ ಮಟ್ಟ ಬರೆದಿಡುತ್ತಿದ್ದಾರೆ, ಈಗ ವರ್ಷಕ್ಕೆ 4 ಸಲ. ನಮ್ಮ ರಾಜ್ಯದ ಇಲಾಖೆಯೂ ಬೇರೆಯಾಗಿ ಅಳೆಯುತ್ತೆ.

ಅಳೆಯುವುದು ಹೇಗೆ? ನಾವು ಕಲಿತ ಕಾಲದಲ್ಲಿ ಒಂದು ಉಕ್ಕಿನ ಟೇಪು, ಒಂದು ತುಂಡು ಸೀಮೆಸುಣ್ಣ, ಅಷ್ಟೇ. ಟೇಪಿನ ತುದಿಯ ಒಂದು ಮೀಟರ್‌ಗೆ ಸೀಮೆಸುಣ್ಣ ಬಳಿಯಬೇಕು. ಬಾವಿಗೆ ಬಿಡಬೇಕು. ತುದಿ ನೀರಲ್ಲಿ ಮುಳುಗಿದಾಗ ಬಾವಿ ಕಟ್ಟೆಯ ಹತ್ತಿರ 12 ಮೀಟರ್ ಗುರುತು ಹಿಡಿದಿದ್ದೀರಿ ಅಂದುಕೊಳ್ಳಿ. ಮೇಲೆಳೆದು ನೋಡಿದರೆ ಸುಣ್ಣ 80 ಸೆಂಟಿಮೀಟರ್ ಒದ್ದೆಯಾಗಿ ಕಪ್ಪಾಗಿದೆ. 12ರಲ್ಲಿ ಅದನ್ನು ಕಳೆಯಿರಿ. ನೀರು 11 ಮೀಟರ್ 20 ಸೆಂಟಿಮೀಟರ್ ಕೆಳಗಿದೆ. ಲೆಕ್ಕ ಮುಗಿಯಿತು.

ಕೋಲಾರ ಜಿಲ್ಲೆಯ ಒಂದು ಊರಲ್ಲಿ ಹೀಗೆ ಟೇಪು ಬಿಡುತ್ತಾ ನಿಂತಿದ್ದೆ. ಹಸು ಹೊಡೆದುಕೊಂಡು ಬರುತ್ತಿದ್ದ ಅಜ್ಜಿಯೊಬ್ಬರು ನಿಂತು ನೋಡಿದರು. "ಯಾಕಪ್ಪಾ, ಬಾವಿಗೆ ಜ್ವರ ಬಂದೈತಾ?" ಅಂದರು. ನೀರು ಎಷ್ಟು ಕೆಳಗಿದೆ ಅಂತ ನೋಡುತ್ತಿದ್ದೇನಮ್ಮ ಅಂದೆ. "ಅದಕ್ಯಾಕೆ ಟೇಪು? ಬಾ, ನಮ್ಮನೆ ಲೆಕ್ಕ ತೋರಿಸ್ತೀನಿ" ಅಂತ ಕರೆದುಕೊಂಡು ಹೋದರು.

ಅಡುಗೆಮನೆಯ ಹಿಂದಿನ ಗೋಡೆ. ಹಾಲಿನ ಲೆಕ್ಕಕ್ಕೆ ಸುಣ್ಣದ ಬೊಟ್ಟು ಇಡುತ್ತಾರಲ್ಲ, ಹಾಗೆ ಸಾಲು ಸಾಲು ಬೊಟ್ಟು. ಹೊಗೆ ಹಿಡಿದ ಗೋಡೆಯ ಮೇಲೆ ಬೆರಳ ತುದಿಯ ಗುರುತು ಕೂಡ ಕಾಣುತ್ತಿತ್ತು. ಒಂದು ಸಾಲು ಅಂದರೆ ಒಂದು ಯುಗಾದಿ. ಅವರ ಹೊಲದಲ್ಲಿ ಮೆಟ್ಟಿಲಿದ್ದ ತೆರೆದ ಬಾವಿ. ಪ್ರತಿ ಯುಗಾದಿಗೆ ಗಂಗೆ ಪೂಜೆಗೆ ಇಳಿಯುವಾಗ ನೀರು ಮುಟ್ಟಲು ಎಷ್ಟು ಮೆಟ್ಟಿಲು ಇಳಿದೆ ಅಂತ ಎಣಿಸಿ, ಮನೆಗೆ ಬಂದು ಅಷ್ಟು ಬೊಟ್ಟು ಇಡುತ್ತಿದ್ದರಂತೆ. ಅವರ ಅತ್ತೆ ಹೇಳಿಕೊಟ್ಟ ಲೆಕ್ಕ. ಅಜ್ಜಿ ಮದುವೆಯಾಗಿ ಬಂದ ವರ್ಷ 9 ಬೊಟ್ಟು. ಆಮೇಲೆ 11, 8, 10. ಎಷ್ಟೋ ವರ್ಷ ಹಾಗೇ. ಸುತ್ತ ಬೋರ್ ಬಿದ್ದ ಮೇಲೆ 14, 17, 21, 26. ಒಂದು ವರ್ಷ ಒಳ್ಳೆ ಮಳೆಯಾಗಿ ಮತ್ತೆ 19. ಆಮೇಲೆ 31. ಕೊನೇ ಸಾಲಲ್ಲಿ 38. ಆ ಬಾವಿಗೆ ಇದ್ದದ್ದೇ 38 ಮೆಟ್ಟಿಲು.

ನಾನು ನಿಂತಲ್ಲೇ ಎಲ್ಲ ಸಾಲನ್ನೂ ನೋಟ್‌ಬುಕ್‌ಗೆ ಬರೆದುಕೊಂಡೆ. ಆಫೀಸಿಗೆ ಬಂದು, ನಾನು ಟೇಪು ಬಿಟ್ಟಿದ್ದೆನಲ್ಲ, ಆ ಬಾವಿಯ ರಿಜಿಸ್ಟರ್ ತೆಗೆದು ಪಕ್ಕದಲ್ಲಿಟ್ಟೆ. ಏರಿದ ವರ್ಷ ಏರಿದೆ, ಇಳಿದ ವರ್ಷ ಇಳಿದಿದೆ. ಹೆಚ್ಚೂ ಕಡಿಮೆ ಒಂದೇ ಗೆರೆ. ಶಾಲೆಯ ಮೆಟ್ಟಿಲು ಹತ್ತದ ಆ ಅಜ್ಜಿ ಮಾಡಿದ್ದು ಅಪ್ಪಟ ವಿಜ್ಞಾನ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಸಂತೋಷ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಅವರ ಮಗ ಅಷ್ಟರಲ್ಲಾಗಲೇ ಮೂರು ಬೋರ್ ಕೊರೆಸಿದ್ದರು. ಎರಡು ಫೇಲು. ಮೂರನೆಯದರಲ್ಲಿ ಎರಡಿಂಚು ನೀರು ಬಂದು, ಎರಡು ಬೇಸಿಗೆ ನಡೆದು ನಿಂತಿತ್ತು. ಮುಂದಿನ ಸಲ ಹೋದಾಗ ಅವರೂ ಅದೇ ಕೇಳಿದರು. "ಸಾರ್, ನಾಕನೇದಕ್ಕೆ ಒಂದು ಪಾಯಿಂಟ್." ನಿಮ್ಮ ತಾಯಿಯ ಗೋಡೆ ನೋಡಿದ್ದೀರಾ ಅಂತ ಕೇಳಿದೆ. "ಅದಾ? ಹಾಲಿನ ಲೆಕ್ಕ ಅಲ್ವಾ ಸಾರ್?" ಅಂದರು. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿ ಬೆಳೆದವರು. ಕೈ ಹಿಡಿದು ಕರೆದುಕೊಂಡು ಹೋಗಿ ಒಂದೊಂದು ಸಾಲನ್ನೂ ಎಣಿಸಿ ತೋರಿಸಿದೆ. 26ರ ಸಾಲಿನ ಹತ್ತಿರ ಅವರ ಬೆರಳು ನಿಂತಿತು. "ಇದು ನಾನು ಮೊದಲನೇ ಬೋರಿಗೆ ಸಾಲ ಮಾಡಿದ ವರ್ಷ" ಅಂದರು. ಆಮೇಲೆ ತುಂಬಾ ಹೊತ್ತು ಮಾತೇ ಆಡಲಿಲ್ಲ.

ನಾಲ್ಕನೇ ಬೋರ್ ಕೊರೆಸಲಿಲ್ಲ ಅವರು. ಟೊಮೇಟೊ ಅರ್ಧಕ್ಕೆ ಇಳಿಸಿ, ಉಳಿದ ನೆಲಕ್ಕೆ ಮಳೆ ನಂಬಿ ರಾಗಿ ಹಾಕಿದರು.

ಸಮಯ ಓಡುತ್ತಿದೆ. ಇನ್ನು ಎರಡು ಮೂರು ವಿಷಯ ಬೇಗ ಬೇಗ ಹೇಳಿಬಿಡುತ್ತೇನೆ.

ಜಲಪದರದ, ಅಂದರೆ ನೆಲದೊಳಗೆ ನೀರು ಹಿಡಿದಿಡುವ ಪದರದ, ನಕ್ಷೆ ಮಾಡುವ ಯೋಜನೆ 2012ರಲ್ಲಿ ಶುರುವಾಯಿತು. ಪ್ರಯೋಗಕ್ಕೆ ದೇಶದಲ್ಲಿ ಆರಿಸಿಕೊಂಡ 6 ಜಾಗಗಳಲ್ಲಿ ತುಮಕೂರು ಜಿಲ್ಲೆಯ ಅಂಕಸಂದ್ರದ ಸೀಮೆಯೂ ಒಂದು. ಹೆಲಿಕಾಪ್ಟರ್ ಕೆಳಗೆ ದೊಡ್ಡ ಚೌಕಟ್ಟು ತೂಗುಹಾಕಿಕೊಂಡು ಹಾರಿ, ನೆಲದೊಳಗಿನ ಪದರಗಳನ್ನು ಓದಿದರು. ಅದ್ಭುತವಾದ ಕೆಲಸ. ಆದರೆ ಹೆಲಿಕಾಪ್ಟರ್ ತೋರಿಸುವುದು ಪಾತ್ರೆಯನ್ನು. ಪಾತ್ರೆಯಲ್ಲಿ ಈ ವರ್ಷ ಎಷ್ಟು ಉಳಿದಿದೆ ಅಂತ ಹೇಳುವುದು ಬಾವಿಯ ಮಟ್ಟ ಮಾತ್ರ.

ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಹರಿಯುತ್ತಿದೆ. ಆ ಕೆರೆಗಳ ಸುತ್ತ ಬಾವಿಗಳ ನೀರು ಮೇಲೆ ಬಂದಿದೆ. ಬಂದಿದೆ ಅಂತ ಧೈರ್ಯವಾಗಿ ಹೇಳುವುದು ಹೇಗೆ? ಮುಂಚೆಯೂ ಅಳೆದಿದ್ದರು, ಆಮೇಲೂ ಅಳೆದರು.

ಕಲ್ಲಿನಿಂದ ಕರಗಿ ನೀರಿಗೆ ಸೇರುವ ಫ್ಲೋರೈಡ್ ಬಗ್ಗೆ ಹೇಳಬೇಕಿತ್ತು. ಒಂದೇ ಮಾತು. ಬೋರ್‌ವೆಲ್ ನೀರು ಕುಡಿಯುವವರು ಒಮ್ಮೆ ಪರೀಕ್ಷೆ ಮಾಡಿಸಿ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಮಕ್ಕಳಿಗೆ ಕುಡಿಸಬೇಡಿ. ಕಾಯಿಸಿದರೆ ಅದು ಹೋಗುವುದಿಲ್ಲ.

ಈಗ ನಿಮ್ಮ ಬಾವಿ. ತೆರೆದ ಬಾವಿಯಾದರೆ ಹಗ್ಗದ ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟರೆ ಸಾಕು. ಬೋರ್ ಆದರೆ ಹಗ್ಗ ಬಿಡಬೇಡಿ, ಮೋಟಾರ್ ಕೇಬಲ್‌ಗೆ ಸುತ್ತಿಕೊಳ್ಳುತ್ತೆ. ಮುಂದಿನ ಸಲ ಮೋಟಾರ್ ಎತ್ತಿದಾಗ ಪಕ್ಕದಲ್ಲಿ ಮುಕ್ಕಾಲು ಇಂಚಿನ ಪೈಪ್ ಒಂದನ್ನು ಇಳಿಬಿಡಿ, ಆ ಪೈಪಿನೊಳಗಿಂದ ಅಳೆಯಬಹುದು. ಅಂತರ್ಜಲ ಉಳಿಸಲು ಕೇಂದ್ರ ಸರ್ಕಾರ ತಂದ ಅಟಲ್ ಭೂಜಲ್ ಯೋಜನೆಗೆ ಆರಿಸಿದ 7 ರಾಜ್ಯಗಳಲ್ಲಿ ನಮ್ಮದೂ ಇತ್ತು. ನಿಮ್ಮ ಪಂಚಾಯಿತಿ ಅದರಲ್ಲಿದ್ದರೆ, ನೀರು ಮುಟ್ಟಿದ ಕೂಡಲೇ ಸದ್ದು ಮಾಡುವ ಅಳತೆ ಯಂತ್ರ ಅಲ್ಲಿದೆಯಾ ಅಂತ ವಿಚಾರಿಸಿ. ವರ್ಷಕ್ಕೆ ಎರಡು ಸಲ ಅಳೆದರೂ ಸಾಕು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ. ಬೆಳಿಗ್ಗೆ ಹೊತ್ತು ಅಳೆಯಿರಿ. ರಾತ್ರಿಯೆಲ್ಲ ನೀರು ಎತ್ತದೆ ಬಿಟ್ಟಾಗಲೇ ನಿಜವಾದ ಮಟ್ಟ ಕಾಣುವುದು. ಮೋಟಾರ್ ಹಾಕುವ ಮುಂಚೆ, ಮರೆಯಬೇಡಿ.

ನಮಸ್ಕಾರ.