ಕೆಂಪು ಪೆನ್ನು ಎತ್ತುವ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳು ಹೋಂವರ್ಕ್‌ನಲ್ಲಿ ಬರೆಯುವ ತಮಾಷೆ ಉತ್ತರಗಳ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಬಹಳ ವರ್ಷ ಚಿಕ್ಕ ತರಗತಿಗಳಿಗೆ ಪಾಠ ಮಾಡಿದವಳು ನಾನು. ತಮಾಷೆ ಖಂಡಿತ ಹೇಳುತ್ತೇನೆ. ಆದರೆ ನಿಮ್ಮಿಂದ ನನಗೆ ಆಗಬೇಕಾದ ಕೆಲಸ ಒಂದೇ ಒಂದು. ಮಗುವಿನ ಉತ್ತರ ತಪ್ಪು ಅನ್ನಿಸಿದರೆ, ಕೆಂಪು ಪೆನ್ನು ಎತ್ತುವ ಮೊದಲು, "ಇದು ಹೇಗೆ ಬಂತು ಪುಟ್ಟಾ?" ಅಂತ ಕೇಳಿ. ಅಷ್ಟೇ.

ಒಂದು ಸಣ್ಣ ಉದಾಹರಣೆ. ಪೆನ್ಸಿಲ್ ಅಳೆಯಲು ಹೇಳಿದರೆ ಎಷ್ಟೋ ಮಕ್ಕಳು ಒಂದು ಸೆಂಟಿಮೀಟರ್ ಜಾಸ್ತಿ ಬರೆಯುತ್ತಾರೆ. 8 ಇದ್ದರೆ 9. ಯಾಕೆ ಗೊತ್ತಾ? ಸ್ಕೇಲಿನಲ್ಲಿ ಸೊನ್ನೆಯಿಂದ ಅಲ್ಲ, ಒಂದರಿಂದ ಶುರು ಮಾಡುತ್ತಾರೆ. ಕೇಳಿದರೆ, "ಎಣಿಸೋದು ಒಂದರಿಂದ ಅಲ್ವಾ ಮಿಸ್?" ಅನ್ನುತ್ತಾರೆ. ಎಣಿಸುವುದನ್ನು ಒಂದರಿಂದ ಕಲಿಸಿದವರು ನಾವೇ ತಾನೇ!

ಈಗ ನನ್ನ ಕ್ಲಾಸಿನ ಒಬ್ಬ ಹುಡುಗನ ಕಥೆ. ಮೂರನೇ ತರಗತಿ. ಕಳೆಯುವ ಲೆಕ್ಕ, ಹತ್ತು ಕೊಟ್ಟಿದ್ದೆ. ಹತ್ತೂ ತಪ್ಪು. 52ರಲ್ಲಿ 27 ಕಳೆದರೆ 35 ಅಂತ ಬರೆದಿದ್ದ. ಅಕ್ಷರ ಮಾತ್ರ ಮುತ್ತಿನಂತೆ ದುಂಡಗೆ. ನಾನು ಪುಟದ ತುಂಬ ಕೆಂಪು ಗೆರೆ ಎಳೆದು ಪುಸ್ತಕ ಕೊಟ್ಟೆ. ಅವನು ಅಳಲಿಲ್ಲ. ಪುಸ್ತಕ ನೋಡಿದ, ನನ್ನ ಮುಖ ನೋಡಿದ, ಮತ್ತೆ ಪುಸ್ತಕ ನೋಡಿದ. ಆ ನೋಟ ನನಗೆ ಇವತ್ತಿಗೂ ನೆನಪಿದೆ. ಮಧ್ಯಾಹ್ನ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ, "35 ಹೇಗೆ ಬಂತು?" ಥಟ್ಟನೆ ಹೇಳಿದ: "ದೊಡ್ಡದರಿಂದ ಚಿಕ್ಕದನ್ನ ಕಳೀಬೇಕು ಅಂತ ನೀವೇ ಹೇಳಿದ್ರಲ್ಲ ಮಿಸ್. ಏಳು ದೊಡ್ಡದು, ಎರಡು ಚಿಕ್ಕದು. ಐದು ಉಳೀತು." ಹತ್ತು ಲೆಕ್ಕದಲ್ಲೂ ಅವನು ಪಾಲಿಸಿದ್ದು ನನ್ನ ಮಾತನ್ನೇ!

ಸರಿ, ಬೇರೆ ಥರ ಕೇಳಿದೆ. "ನಿನ್ನ ಹತ್ತಿರ 52 ಗೋಲಿ ಇವೆ. ಗೆಳೆಯನಿಗೆ 27 ಕೊಟ್ಟೆ. ಎಷ್ಟು ಉಳೀತು?" ಮೇಲೆ ನೋಡಿದ, ಬೆರಳು ಮಡಿಸಿದ. "ಇಪ್ಪತ್ತು ಕೊಟ್ರೆ ಮೂವತ್ತೆರಡು. ಇನ್ನೇಳು ಕೊಟ್ರೆ ಇಪ್ಪತ್ತೈದು." ನಾನು ಪುಸ್ತಕ ತೋರಿಸಿ, "ಮತ್ತೆ ಇಲ್ಲಿ ಮೂವತ್ತೈದು ಯಾಕೋ?" ಅಂದೆ. ಅವನಿಗೆ ನನ್ನ ಮೇಲೆ ಸ್ವಲ್ಪ ಕನಿಕರವೇ ಬಂದಿರಬೇಕು. ನಿಧಾನವಾಗಿ ಬಿಡಿಸಿ ಹೇಳಿದ: "ಅದು ಗೋಲಿ ಮಿಸ್. ಇದು ಲೆಕ್ಕ."

ನಗು ಬರುತ್ತೆ, ಅಲ್ವಾ? ನನಗೂ ಬಂತು. ಆಮೇಲೆ ಭಯವಾಯಿತು. ಏಳೆಂಟು ವರ್ಷಕ್ಕೇ ಮಗು ತನ್ನ ಬುದ್ಧಿಯನ್ನು ಒಂದು ಕಡೆ, ಶಾಲೆಯನ್ನು ಇನ್ನೊಂದು ಕಡೆ ಇಟ್ಟುಬಿಟ್ಟಿತ್ತು. ನಾನು ಕೇಳದೇ ಹೋಗಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ.

1980ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 97 ಚಿಕ್ಕ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟರು. ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಹಡಗಿನ ಕ್ಯಾಪ್ಟನ್‌ಗೆ ವಯಸ್ಸೆಷ್ಟು? 76 ಮಕ್ಕಳು ಆ ಅಂಕಿಗಳನ್ನೇ ಹೇಗೋ ಸೇರಿಸಿ ವಯಸ್ಸು ಹೇಳಿಬಿಟ್ಟರು! ನನಗೆ ಚಿಂತೆ ಆಗುವುದು ಇಂಥ ಉತ್ತರದಿಂದ. "ಕುರಿಗೂ ಕ್ಯಾಪ್ಟನ್‌ಗೂ ಏನು ಸಂಬಂಧ?" ಅಂತ ಬರೆಯುವ ಮಗುವನ್ನು ದಯವಿಟ್ಟು ಅಧಿಕಪ್ರಸಂಗಿ ಅನ್ನಬೇಡಿ. ಅದು ಪ್ರಶ್ನೆಯನ್ನು ನಿಜವಾಗಿ ಓದಿದೆ.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1920ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಮಕ್ಕಳಿಗೆ ಬುದ್ಧಿ ಪರೀಕ್ಷೆ ಮಾಡುತ್ತಿದ್ದರು. ಅವರ ಮನಸ್ಸು ಹೋದದ್ದು ಸರಿ ಉತ್ತರಗಳ ಕಡೆ ಅಲ್ಲ, ತಪ್ಪು ಉತ್ತರಗಳ ಕಡೆ. ಮಕ್ಕಳನ್ನೇ ಕೂರಿಸಿಕೊಂಡು ಹೇಗೆ ಬಂತು ಅಂತ ಕೇಳಿದರು. ಮಕ್ಕಳ ಯೋಚನೆಯ ಬಗ್ಗೆ ಅವರು ಜೀವಮಾನವಿಡೀ ಮಾಡಿದ ಕೆಲಸ ಅಲ್ಲಿಂದ ಶುರುವಾಯಿತು. 1978ರಲ್ಲಿ ಅಮೆರಿಕದ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್, ಕಳೆಯುವ ಲೆಕ್ಕದ ತಪ್ಪುಗಳ ಹಿಂದೆಯೂ ಒಂದು ಕ್ರಮ ಇರುತ್ತದೆ ಅಂತ ತೋರಿಸಿದರು. ನನ್ನ ಹುಡುಗನ 35 ಅಂಥದ್ದೇ. "ಅಷ್ಟೆಲ್ಲ ಕೇಳೋಕೆ ಟೈಮ್ ಎಲ್ಲಿದೆ ಮಿಸ್?" ಅಂತ ತಂದೆ-ತಾಯಂದಿರು ಅನ್ನುತ್ತಾರೆ. ಬೈಯೋಕೆ ಟೈಮ್ ಇರುತ್ತಲ್ಲ! ಕೇಳುವುದಕ್ಕೆ ಅರ್ಧ ನಿಮಿಷ ಸಾಕು.

ಇನ್ನೊಂದೇ ಒಂದು. 'ನಿರರ್ಥಕ' ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ ಅಂತ ಕೊಟ್ಟಿದ್ದೆ. ಒಬ್ಬಳು ಬರೆದಳು: "ನಿರರ್ಥಕ ಅಂದರೆ ಏನು ಅಂತ ನನಗೆ ಗೊತ್ತಿಲ್ಲ." ವಾಕ್ಯ ಸ್ವಂತದ್ದು, ಪದ ಬಳಸಿದ್ದಾಳೆ, ಕೊನೆಯಲ್ಲಿ ಚುಕ್ಕಿಯನ್ನೂ ಇಟ್ಟಿದ್ದಾಳೆ. ಪೂರ್ತಿ ಅಂಕ ಕೊಟ್ಟೆ. ಆಮೇಲೆ ಹತ್ತಿರ ಕರೆದು ಅರ್ಥ ಹೇಳಿಕೊಟ್ಟೆ. ನಮಸ್ಕಾರ.